ಸ್ಟ್ರೋಕ್ ಆದ ಕೈಯನ್ನು ಅಳೆಯೋದು ಹೇಗೆ: ರೋಬೋಟ್ ಯಾವಾಗ ಬೇಕು, ಮರದ ಪೆಟ್ಟಿಗೆ ಯಾವಾಗ ಸಾಕು

ಹಾಸನದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರನ್ನು ಅವರ ಮಗಳು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಸ್ಟ್ರೋಕ್ ಆಗಿ ಐದು ತಿಂಗಳು. ಬಲಗೈ. ಮಗಳ ಕೈಯಲ್ಲಿ ಮೂರು ಪುಟದ ಬಣ್ಣದ ರಿಪೋರ್ಟ್ ಇತ್ತು. ಎಲ್ಲೋ ಒಂದು ಕಡೆ ರೋಬೋಟ್‌ನಲ್ಲಿ ಕೈ ಪರೀಕ್ಷೆ ಮಾಡಿಸಿದ್ದರಂತೆ. ಐದು ಬೆರಳಿಗೆ ಐದು ಬಣ್ಣದ ಕಂಬ. ಹಿಂದಿನ ತಿಂಗಳಿಗಿಂತ ಎಲ್ಲ ಕಂಬವೂ ಎತ್ತರ.

"ಮೇಡಂ, ಇಷ್ಟೊಂದು ಸುಧಾರಿಸಿದೆ ಅಂತ ಇದೆ. ಆದ್ರೆ ಅಪ್ಪ ಇನ್ನೂ ಎಡಗೈಯಲ್ಲೇ ಊಟ ಮಾಡ್ತಾರೆ. ರಿಪೋರ್ಟ್ ಸುಳ್ಳಾ?"

ಸುಳ್ಳಲ್ಲ. ನಾನು ಮೇಷ್ಟ್ರಿಗೆ ಒಂದು ಪೆನ್ನು ಕೊಟ್ಟೆ. ಗಟ್ಟಿಯಾಗಿಯೇ ಹಿಡಿದರು. "ಈಗ ಬಿಡಿ ಸರ್" ಅಂದೆ. ಬಿಡೋಕೆ ಆಗಲಿಲ್ಲ. ಮುಖ ಕೆಂಪಾಯಿತು, ಭುಜ ಮೇಲೆ ಎದ್ದಿತು, ಬೆರಳು ಮಾತ್ರ ಬಿಚ್ಚಲಿಲ್ಲ. ಕೊನೆಗೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿ ಪೆನ್ನನ್ನು ಟೇಬಲ್ ಮೇಲೆ ಇಟ್ಟರು. ಆ ಯಂತ್ರ ಅಳೆದದ್ದು ಬೆರಳು ಮಡಚುವ ಬಲವನ್ನು. ಅವರಿಗೆ ಮಡಚೋದು ಕಷ್ಟವೇ ಆಗಿರಲಿಲ್ಲ. ಮೂರು ಪುಟದಲ್ಲಿ ಎಲ್ಲೂ ಬಿಚ್ಚುವ ಬಲದ ಒಂದು ಅಂಕಿಯೂ ಇರಲಿಲ್ಲ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಲಕ್ವ ಹೊಡೆದ ಕೈ ಮತ್ತೆ ಅನ್ನ ಕಲಸೋ ಹಾಗೆ, ಗುಂಡಿ ಹಾಕೋ ಹಾಗೆ ಮಾಡೋದು ನನ್ನ ದಿನದ ಕೆಲಸ. ಈಚೆಗೆ ಮನೆಯವರು, ಹೊಸದಾಗಿ ಸೇರಿದ ಥೆರಪಿಸ್ಟ್‌ಗಳು, ಸಣ್ಣ ಊರಿನಲ್ಲಿ ಸೆಂಟರ್ ತೆರೆಯುವವರು ಎಲ್ಲರೂ ಇದನ್ನೇ ಕೇಳುತ್ತಾರೆ: ರೋಬೋಟ್ ಪರೀಕ್ಷೆ ಬೇಕಾ? ಬೇಕು ಅಂದರೆ ಯಾವುದು? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕಣ್ಣಿಂದ, ಕೈಯಿಂದ, ಒಂದು ಮರದ ಪೆಟ್ಟಿಗೆಯಿಂದ ಗೊತ್ತಾಗುವ ವಿಷಯಕ್ಕೆ ರೋಬೋಟ್‌ಗೆ ದುಡ್ಡು ಸುರಿಯಬೇಡಿ. ಇವಕ್ಕೆ ಸಿಗದ ವಿಷಯ ಕೆಲವು ಇವೆ. ಅವಕ್ಕೆ ಕೊಡಿ, ಬೇಜಾರಿಲ್ಲದೆ ಕೊಡಿ.

ಒಂದು ಟೇಬಲ್, ಹತ್ತು ನಿಮಿಷ

ರೋಬೋಟ್ ಜೊತೆ ಹೋಲಿಸೋಕೆ ಮೊದಲು ಹಳೆಯ ಪರೀಕ್ಷೆಗಳು ಏನು ಹೇಳುತ್ತವೆ ಅಂತ ಗೊತ್ತಿರಬೇಕು.

ಎಲ್ಲಕ್ಕಿಂತ ಹೆಸರಾದದ್ದು ಫ್ಯೂಗಲ್-ಮೇಯರ್ ಪರೀಕ್ಷೆ. 1975ರಲ್ಲಿ ಸ್ವೀಡನ್ನಿನಲ್ಲಿ ಶುರುವಾದದ್ದು. ತೋಳು ಮತ್ತು ಕೈಗೆ 33 ಅಂಶ, ಒಂದೊಂದಕ್ಕೂ 0, 1 ಅಥವಾ 2. ಒಟ್ಟು 66. ಆಗಲ್ಲ, ಅರ್ಧಂಬರ್ಧ ಆಗುತ್ತೆ, ಪೂರ್ತಿ ಆಗುತ್ತೆ, ಇಷ್ಟೇ ಲೆಕ್ಕ. ತೊಂದರೆ ಇರೋದು ಆ 1ರಲ್ಲಿ. ಬೆರಳು ಚೂರೇ ಚೂರು ಬಿಚ್ಚಿದರೂ 1, ಮುಕ್ಕಾಲು ಪಾಲು ಬಿಚ್ಚಿದರೂ 1. ಎರಡು ತಿಂಗಳು ಬೆವರು ಸುರಿಸಿದವರಿಗೆ "ಅದೇ 1 ಇದೆ" ಅಂತ ಹೇಳೋದು ಎಷ್ಟು ಕಷ್ಟ ಅಂತ ನಮಗೆ ಗೊತ್ತು.

ನನಗೆ ಜಾಸ್ತಿ ಇಷ್ಟ ಆಗೋದು ಎಆರ್‌ಎಟಿ. ಆಕ್ಷನ್ ರಿಸರ್ಚ್ ಆರ್ಮ್ ಟೆಸ್ಟ್ ಅಂತ ಪೂರ್ತಿ ಹೆಸರು, 1981ರದ್ದು. 19 ಕೆಲಸ, ಒಂದೊಂದಕ್ಕೆ 0ಯಿಂದ 3, ಒಟ್ಟು 57. ಮರದ ಘನಗಳನ್ನು ಎತ್ತಿ ಎದುರಿನ ಶೆಲ್ಫ್ ಮೇಲೆ ಇಡಬೇಕು. ಅತಿ ದೊಡ್ಡ ಘನ 10 ಸೆಂ.ಮೀ., ಅತಿ ಸಣ್ಣದು 2.5. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಬಗ್ಗಿಸಬೇಕು. ಸೈಕಲ್ ಬೇರಿಂಗ್‌ನ ಗುಂಡಿನಂಥ ಸಣ್ಣ ಗುಂಡನ್ನು ಹೆಬ್ಬೆರಳು ಮತ್ತು ಉಂಗುರದ ಬೆರಳಲ್ಲಿ ಎತ್ತಬೇಕು. ಕೊನೆಗೆ ಕೈ ತಲೆಯ ಹಿಂದೆ, ನೆತ್ತಿಗೆ, ಬಾಯಿಗೆ ಹೋಗಬೇಕು. ಅನುಭವ ಇದ್ದವರು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಇದರಲ್ಲಿ ಸುಮಾರು 6 ಅಂಕ ಏರಿದರೆ ರೋಗಿಗೂ ವ್ಯತ್ಯಾಸ ಗೊತ್ತಾಗುತ್ತದೆ ಅನ್ನೋದು ನಾವು ಹಿಡಿದುಕೊಂಡಿರುವ ಲೆಕ್ಕ.

ಇನ್ನು ಬಾಕ್ಸ್ ಅಂಡ್ ಬ್ಲಾಕ್. ಒಂದು ಮರದ ಪೆಟ್ಟಿಗೆ, ನಡುವೆ 15 ಸೆಂ.ಮೀ. ಎತ್ತರದ ಅಡ್ಡಗೋಡೆ, 150 ಮರದ ಬಿಲ್ಲೆ. ಒಂದು ನಿಮಿಷದಲ್ಲಿ ಒಂದೊಂದೇ ಬಿಲ್ಲೆಯನ್ನು ಗೋಡೆ ದಾಟಿಸಬೇಕು, ಎಷ್ಟು ದಾಟಿತು ಅಂತ ಎಣಿಸಬೇಕು. ನನ್ನದನ್ನು ನಮ್ಮ ಬೀದಿಯ ಬಡಗಿ ಮಾಡಿಕೊಟ್ಟರು. "ಇದೇನು ಮೇಡಂ, ಮಕ್ಕಳ ಆಟದ ಸಾಮಾನಾ?" ಅಂತ ನಕ್ಕಿದ್ದರು. ವಯಸ್ಸಾದ, ಅಕ್ಷರ ಬಾರದ ಅಜ್ಜಿಗೂ ಒಂದೇ ಮಾತಲ್ಲಿ ಅರ್ಥ ಆಗುವ ಪರೀಕ್ಷೆ ಇದು. ಮತ್ತೆ ಇದರಲ್ಲಿ ಹಿಡಿಯೋದೂ ಇದೆ, ಬಿಡೋದೂ ಇದೆ. ಮೇಷ್ಟ್ರು ಇದರಲ್ಲಿ ನಿಮಿಷಕ್ಕೆ ಎರಡು ಬಿಲ್ಲೆ ದಾಟಿಸಿದರು. ಮೂರನೆಯದು ಅಂಗೈಯಲ್ಲೇ ಉಳಿಯಿತು. ಮೂರು ಪುಟ ಹೇಳದ್ದನ್ನು ಆ ಒಂದು ಬಿಲ್ಲೆ ಹೇಳಿತು.

ಒಂಬತ್ತು ತೂತಿನ ಹಲಗೆಗೆ ಒಂಬತ್ತು ಕಡ್ಡಿ ಸಿಕ್ಕಿಸಿ ತೆಗೆಯುವ ಪರೀಕ್ಷೆ ನಾಜೂಕಿನ ಕೆಲಸಕ್ಕೆ. ಆರೋಗ್ಯವಾಗಿರುವವರಿಗೆ ಸುಮಾರು 20 ಸೆಕೆಂಡ್ ಸಾಕು. ಕೈ ತೀರಾ ಸೋತವರಿಗೆ ಇದನ್ನು ಕೊಡಬೇಡಿ, ಸುಮ್ನೆ ಅಳಿಸಿದ ಹಾಗೆ. ಹಿಡಿತದ ಬಲಕ್ಕೆ ಜಾಮರ್ ಡೈನಮೋಮೀಟರ್ ಇದೆ. ಮೊಣಕೈ 90 ಡಿಗ್ರಿ ಮಡಚಿ, ಮೂರು ಸಲ ಹಿಸುಕಿಸಿ, ಸರಾಸರಿ ತೆಗೆದುಕೊಂಡರೆ ಆಯಿತು. ಬರೀ ಮುಷ್ಟಿಯ ಬಲ ತಿಳಿಯೋಕೆ ಯಾರಾದರೂ ನಿಮ್ಮನ್ನು ರೋಬೋಟ್‌ಗೆ ಕಟ್ಟಿದರೆ, ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಮೊದಲ ವಾರದ ಮಾತೇ ಬೇರೆ. ವಾರ್ಡಿನಲ್ಲಿ ಮನೆಯವರು ಕೇಳೋದು ಒಂದೇ ಪ್ರಶ್ನೆ: "ಕೈ ಬರುತ್ತಾ?" ಇದಕ್ಕೆ ಈವತ್ತಿಗೂ ಒಳ್ಳೆಯ ಉತ್ತರ ಕೊಡೋದು ಮಂಚದ ಪಕ್ಕದ ಪರೀಕ್ಷೆಯೇ. ನೆದರ್ಲೆಂಡ್ಸ್‌ನ ಸಂಶೋಧಕರು 2010ರಲ್ಲಿ ತೋರಿಸಿದ್ದು ಹೀಗೆ: ಮೊದಲ 72 ಗಂಟೆಯೊಳಗೆ ಬೆರಳು ಸ್ವಲ್ಪವಾದರೂ ಬಿಚ್ಚಿ, ಭುಜ ಪಕ್ಕಕ್ಕೆ ಸ್ವಲ್ಪವಾದರೂ ಎದ್ದರೆ, ಆರು ತಿಂಗಳಲ್ಲಿ ಕೈಗೆ ಒಂದಿಷ್ಟು ಚಳಕ ಮರಳುವ ಸಾಧ್ಯತೆ 98%. ಎರಡೂ ಇಲ್ಲದವರಿಗೆ ಅದು 25%. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಇದೇ ಎರಡು ಚಲನೆಗೆ ತಲಾ 5 ಅಂಕ ಕೊಟ್ಟು, ಮೂರನೇ ದಿನ 10ಕ್ಕೆ ಎಷ್ಟು ಅಂತ ನೋಡಿ ಮುಂದಿನ ದಾರಿ ಹೇಳುವ ಕ್ರಮ ಮಾಡಿದ್ದಾರೆ. 5ಕ್ಕಿಂತ ಕಡಿಮೆ ಬಂದರೆ ಮಾತ್ರ ಮೆದುಳಿಗೆ ಆಯಸ್ಕಾಂತದ ಮಿಡಿತ ಕೊಟ್ಟು ಕೈಗೆ ಸಂದೇಶ ಬರುತ್ತಾ ಅಂತ ನೋಡುತ್ತಾರೆ. ಮೊದಲ ವಾರದಲ್ಲಿ ರೋಬೋಟ್ ಹುಡುಕಿಕೊಂಡು ಆಂಬುಲೆನ್ಸ್‌ನಲ್ಲಿ ಓಡಾಡೋದು ಬೇಡ ಅಂತ ನಾನು ಹೇಳೋದು ಇದಕ್ಕೇ.

ಕಣ್ಣಿಗೆ ಸಿಗದ ವಿಷಯಗಳು

ಈಗ ರೋಬೋಟ್ ಪರ ವಾದ. ನನ್ನ ಮನಸ್ಸು ಬದಲಾಯಿಸಿದ್ದು ರಂಗೋಲಿ.

ಐವತ್ತರ ಆಸುಪಾಸಿನ ಒಬ್ಬ ಅಮ್ಮ. ಸ್ಟ್ರೋಕ್ ಆದ ಮೂರು ತಿಂಗಳಿಗೆ ಎಆರ್‌ಎಟಿಯಲ್ಲಿ ಹೆಚ್ಚು ಕಡಿಮೆ ಪೂರ್ತಿ ಅಂಕ. ಹಿಡಿತ ಸರಿ, ಬಿಡೋದೂ ಸರಿ. ನಮ್ಮ ಲೆಕ್ಕದಲ್ಲಿ "ಗುಣ ಆಗಿದ್ದಾರೆ". ಅವರು ಮಾತ್ರ ಒಪ್ಪಲಿಲ್ಲ. "ರಂಗೋಲಿ ಎಳೆ ಬರ್ತಾ ಇಲ್ಲಮ್ಮ" ಅಂದರು. ಒಂದು ತಟ್ಟೆಯಲ್ಲಿ ಪುಡಿ ತಂದು ನೆಲದ ಮೇಲೆ ಹಾಕಿಸಿದೆ. ಚುಕ್ಕಿ ಸರಿಯಾಗಿಯೇ ಇಟ್ಟರು. ಎಳೆ ಎಳೆಯುವಾಗ ಪುಡಿ ಒಂದು ಕಡೆ ದಪ್ಪ ಬೀಳುತ್ತೆ, ಇನ್ನೊಂದು ಕಡೆ ನಿಂತೇ ಹೋಗುತ್ತೆ. ಹೆಬ್ಬೆರಳು ತೋರುಬೆರಳಿನ ಮೇಲೆ ಎಷ್ಟು ಸರಿದಿದೆ ಅಂತ ಅವರಿಗೆ ಒಳಗಿಂದ ಗೊತ್ತಾಗುತ್ತಿರಲಿಲ್ಲ. ಬೆರಳನ್ನೇ ನೋಡುತ್ತಾ ಹಾಕಿದರೆ ಪರವಾಗಿಲ್ಲ. ಮುಂದಿನ ಚುಕ್ಕಿ ನೋಡಿದ ತಕ್ಷಣ ಎಳೆ ಕೆಡುತ್ತಿತ್ತು. ಅಡುಗೆಮನೆಯಲ್ಲಿ ಮಾತಾಡುತ್ತಾ ತಿರುಗಿದರೆ ಕೈಯಲ್ಲಿದ್ದ ಲೋಟ ಜಾರುತ್ತಿತ್ತು.

ಇದು ದೇಹದ ಸ್ಥಾನದ ಅರಿವಿನ ತೊಂದರೆ. ಕಣ್ಣು ಮುಚ್ಚಿದ್ದರೂ ನಮ್ಮ ಬೆರಳು ಎಲ್ಲಿದೆ ಅಂತ ನಮಗೆ ಗೊತ್ತಿರುತ್ತದಲ್ಲ, ಆ ಅರಿವು. ಸ್ಟ್ರೋಕ್ ಆದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ಇದು ಪೆಟ್ಟು ತಿಂದಿರುತ್ತದೆ. ಹಾಸಿಗೆ ಪಕ್ಕದಲ್ಲಿ ನಾವು ಮಾಡೋದು ಇಷ್ಟೇ: ಕಣ್ಣು ಮುಚ್ಚಿಸಿ, ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿ, "ಮೇಲಾ ಕೆಳಗಾ" ಅಂತ ಕೇಳುತ್ತೇವೆ. ಪೂರ್ತಿ ಹೋದವರು ಇದರಲ್ಲಿ ಸಿಗುತ್ತಾರೆ. ಅರ್ಧ ಹೋದವರು ಪಾಸಾಗಿಬಿಡುತ್ತಾರೆ. ಆ ಅಮ್ಮನೂ ಪಾಸಾಗಿದ್ದರು. ಆಮೇಲೆ ಒಂದು ಸಂಶೋಧನಾ ಲ್ಯಾಬಿನಲ್ಲಿ ಯಂತ್ರದಿಂದ ನೋಡಿದಾಗ ತೋರುಬೆರಳಿನ ತಪ್ಪು ಎಷ್ಟು ಡಿಗ್ರಿ ಅಂತ ಅಂಕಿ ಸಮೇತ ಬಂತು. ಅವತ್ತಿನಿಂದ ನಮ್ಮ ಥೆರಪಿ ಬದಲಾಯಿತು. ಬಲ ಹೆಚ್ಚಿಸುವ ವ್ಯಾಯಾಮ ನಿಲ್ಲಿಸಿದೆವು. ಕಣ್ಣು ಮುಚ್ಚಿ ಬಟ್ಟೆಚೀಲದೊಳಗಿನ ಹುಣಸೆಬೀಜ, ಕಡಲೆ, ಗುಂಡಿ ಗುರುತಿಸುವ ಅಭ್ಯಾಸ ಶುರು ಮಾಡಿದೆವು. ಒಂದು ಪರೀಕ್ಷೆಗೆ ಬೆಲೆ ಇದೆಯಾ ಅಂತ ತಿಳಿಯೋಕೆ ನಾನು ನೋಡೋದು ಇದನ್ನೇ. ಅಂಕಿ ಬಂದ ಮೇಲೆ ನಾಳೆಯ ಥೆರಪಿ ಬದಲಾಯಿತಾ?

ಎರಡನೆಯದು ಬಿಗಿತ. ಮುಷ್ಟಿ ಬಿಗಿದ ಕೈಯನ್ನು ನಾವು ಎಳೆದು ನೋಡಿ ಆಶ್ವರ್ತ್ ಅಂಕ ಕೊಡುತ್ತೇವೆ. 0, 1, 1+, 2, 3, 4. 0 ಅಂದರೆ ಬಿಗಿತ ಹೆಚ್ಚಿಲ್ಲ, 4 ಅಂದರೆ ಎಳೆದರೂ ಅಲುಗದು. ಎಳೆಯೋ ಕೈ ಯಾರದ್ದು ಅನ್ನೋದರ ಮೇಲೆ ಅಂಕ ಬದಲಾಗುವುದನ್ನು ನಾನೇ ನೋಡಿದ್ದೇನೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಬಿಗಿತದಲ್ಲಿ ಎರಡು ಪಾಲು. ಒಂದು ನರದ್ದು: ಸ್ನಾಯುವನ್ನು ಬೇಗ ಎಳೆದರೆ ನರ ರೇಗಿ ತಿರುಗಿ ಎಳೆಯುತ್ತದೆ. ಇನ್ನೊಂದು ಸ್ನಾಯುವಿನದ್ದೇ: ತಿಂಗಳುಗಟ್ಟಲೆ ಮಡಚಿಕೊಂಡೇ ಇದ್ದು ಗಿಡ್ಡವಾಗಿ ಗಟ್ಟಿಯಾಗಿರುತ್ತದೆ. ಬೊಟಾಕ್ಸ್ ಇಂಜೆಕ್ಷನ್ ಮೊದಲನೆಯದಕ್ಕೆ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಸ್ಪ್ಲಿಂಟ್, ಅಂದರೆ ಕೈಯನ್ನು ಬಿಚ್ಚಿ ಹಿಡಿದಿಡುವ ಗಟ್ಟಿ ಪಟ್ಟಿ, ಹಾಕಿ ನಿಧಾನಕ್ಕೆ ಎಳೆಯಬೇಕು. ಆಶ್ವರ್ತ್ ಎರಡನ್ನೂ ಒಂದೇ ಪಾತ್ರೆಗೆ ಸುರಿದು ಒಂದು ಅಂಕ ಕೊಡುತ್ತದೆ. ಇಂಜೆಕ್ಷನ್ ಅಗ್ಗದ್ದಲ್ಲ, ಪರಿಣಾಮವೂ ಕೆಲವು ತಿಂಗಳು ಮಾತ್ರ. ಇಲ್ಲಿ ಯಂತ್ರದ ಮಾತು ನಿಜವಾಗಿಯೂ ಹಣ ಉಳಿಸುತ್ತದೆ.

ಮೂರನೆಯದು ಬೆರಳುಗಳ ಬೇರೆತನ ಮತ್ತು ಚಲನೆಯ ನಯ. ತೋರುಬೆರಳು ಒಂದನ್ನೇ ಎತ್ತಿ ಅಂದರೆ ನಾಲ್ಕೂ ಎದ್ದು ಬರುತ್ತವೆ. ಲೋಟಕ್ಕೆ ಕೈ ಚಾಚಿದರೆ ಚಲನೆ ಒಂದೇ ಹೊಳೆಯ ಹಾಗೆ ಹರಿಯದೆ, ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ಹೋದ ಹಾಗೆ ತಡೆದು ತಡೆದು ಸಾಗುತ್ತದೆ. ಇದು ಕಣ್ಣಿಗೆ ಕಾಣುತ್ತದೆ ನಿಜ. ಹೋದ ತಿಂಗಳಿಗಿಂತ ಎಷ್ಟು ಕಮ್ಮಿ ಅಂತ ಮಾತ್ರ ಕಣ್ಣು ಹೇಳಲಾರದು. ಸ್ಟ್ರೋಕ್ ಚೇತರಿಕೆಯ ಸಂಶೋಧಕರ ಅಂತರರಾಷ್ಟ್ರೀಯ ಗುಂಪು 2019ರಲ್ಲಿ ಸಂಶೋಧನೆಗಾಗಿ ನಾಲ್ಕು ಅಳತೆಗಳನ್ನು ಮುಂದಿಟ್ಟಿತು: ಸಮತಟ್ಟಾಗಿ ಕೈ ಚಾಚುವುದು, ಬೆರಳುಗಳನ್ನು ಬೇರೆ ಬೇರೆಯಾಗಿ ಆಡಿಸುವುದು, ಮುಷ್ಟಿಯ ಬಲ, ಚಿವುಟಿ ಹಿಡಿಯುವ ನಿಖರತೆ. ಜೊತೆಗೆ ಲೋಟ ಎತ್ತಿ ನೀರು ಕುಡಿಯುವ ಚಲನೆ. ಒಂದೇ ಯಂತ್ರದಲ್ಲಿ ಇವೆಲ್ಲ ಸಿಗೋದು ಕಷ್ಟ. ಹಾಗಾಗಿ ಆಯ್ಕೆಯ ಪ್ರಶ್ನೆ ಬರುತ್ತದೆ.

ಯಂತ್ರಗಳನ್ನು ಪಕ್ಕಪಕ್ಕ ಇಟ್ಟರೆ

ಬೆರಳಿಗೇ ಅಂತ ಮಾಡಿದ ಯಂತ್ರಗಳಲ್ಲಿ ಜಾಸ್ತಿ ಕೇಳಿಬರೋದು ಅಮಾಡಿಯೋ. ಆಸ್ಟ್ರಿಯಾದ ಗ್ರಾಟ್ಸ್ ಊರಿನ ಟೈರೋಮೋಷನ್ ಕಂಪನಿಯದ್ದು. ಬೆರಳ ತುದಿಗೆ ಪುಟ್ಟ ಆಯಸ್ಕಾಂತ ಅಂಟಿಸಿ, ಐದು ಬೆರಳನ್ನೂ ಐದು ಜಾರುವ ಕೊಂಡಿಗೆ ಸೇರಿಸುತ್ತಾರೆ. ಒಂದೊಂದು ಬೆರಳಿನ ಮಡಚುವ ಬಲ, ಬಿಚ್ಚುವ ಬಲ, ತಾನಾಗಿ ಎಷ್ಟು ದೂರ ಹೋಗುತ್ತದೆ ಅನ್ನೋದು ಬೇರೆ ಬೇರೆ ಬರುತ್ತದೆ. ಕಿರುಬೆರಳು ಸೋತು ತೋರುಬೆರಳು ಗಟ್ಟಿಯಾಗಿರುವ ಕೈಗೆ ಇದು ಚೆನ್ನ. ಆದರೆ ಬೆರಳ ತುದಿಯನ್ನು ಮಾತ್ರ ಹಿಡಿಯುವುದರಿಂದ ಒಳಗಿನ ಮೂರು ಗಿಣ್ಣಿನಲ್ಲಿ ಯಾವುದು ಎಷ್ಟು ಮಡಚಿತು ಅಂತ ಗೊತ್ತಾಗುವುದಿಲ್ಲ. ಮುಂಗೈಯನ್ನು ಕಟ್ಟಿ ಕೂರಿಸಿರುತ್ತಾರೆ, ಹಾಗಾಗಿ ಕೈ ಎತ್ತಿ ಚಾಚುವಾಗ ಬೆರಳು ಏನು ಮಾಡುತ್ತದೆ ಅನ್ನೋದೂ ತಿಳಿಯದು. ಎಷ್ಟೋ ಜನಕ್ಕೆ ಟೇಬಲ್ ಮೇಲೆ ಕೈ ಇಟ್ಟಾಗ ಬೆರಳು ಬಿಚ್ಚುತ್ತದೆ, ಕೈ ಎತ್ತಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಇಲ್ಲಿ ಒಂದು ಮಾತು: ಅಮಾಡಿಯೋ ಬಿಚ್ಚುವ ಬಲವನ್ನೂ ಅಳೆಯಬಲ್ಲದು. ಇಂಥ ಯಾವ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದರೂ ಆ ಭಾಗವನ್ನು ಕೇಳಿ ಮಾಡಿಸಿಕೊಳ್ಳಿ.

ಕೆನಡಾದ ಕಿನಾರ್ಮ್ ಇನ್ನೊಂದು ತುದಿ. ಕಿಂಗ್‌ಸ್ಟನ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಎರಡೂ ತೋಳನ್ನು ಯಂತ್ರದಲ್ಲಿ ಇಟ್ಟು, ಸ್ಟ್ರೋಕ್ ಆದ ತೋಳನ್ನು ಯಂತ್ರವೇ ಎಲ್ಲಿಗಾದರೂ ಒಯ್ದು ನಿಲ್ಲಿಸುತ್ತದೆ. ಕೈ ಕಾಣದ ಹಾಗೆ ಮರೆ ಇರುತ್ತದೆ. ಒಳ್ಳೆಯ ತೋಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಅದೇ ಜಾಗಕ್ಕೆ ತರಬೇಕು. ಸ್ಥಾನದ ಅರಿವು ಅಳೆಯೋದರಲ್ಲಿ ಇದಕ್ಕೆ ಒಳ್ಳೆಯ ಹೆಸರು. ನಿಮ್ಮ ಅಂಕವನ್ನು ಆರೋಗ್ಯವಂತರ ಅಂಕಗಳ ಜೊತೆ, ವಯಸ್ಸು ಮತ್ತು ಲಿಂಗ ನೋಡಿ ಹೋಲಿಸುತ್ತದೆ. 0 ಅಂದರೆ ಉತ್ತಮ, 1.96 ದಾಟಿದರೆ ನೂರರಲ್ಲಿ 95 ಆರೋಗ್ಯವಂತರ ಮಿತಿಯಿಂದ ಹೊರಗೆ. ಇಷ್ಟೆಲ್ಲ ಇದ್ದೂ ಒಂದು ವಿಷಯ ಮರೆಯಬಾರದು. ಇದು ಭುಜ ಮತ್ತು ಮೊಣಕೈಯ ಯಂತ್ರ. ಬೆರಳನ್ನು ಅಳೆಯುವುದಿಲ್ಲ.

ಎಂಐಟಿ-ಮಾನಸ್ ಈ ವಂಶದ ಹಿರಿಯಣ್ಣ. ಅಮೆರಿಕದ ಎಂಐಟಿಯಲ್ಲಿ ನೆವಿಲ್ ಹೋಗನ್, ಹರ್ಮಾನೋ ಇಗೋ ಕ್ರೆಬ್ಸ್ ಕಟ್ಟಿದ್ದು. ಇನ್‌ಮೋಷನ್ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ತೋಳಿಗೆ ಒಂದು, ಕೈಗೆ ಒಂದು ಜೋಡಣೆ. ಚಲನೆಯ ನಯ, ಗುರಿ ಮುಟ್ಟುವ ನಿಖರತೆ ಚೆನ್ನಾಗಿ ಅಳೆಯುತ್ತದೆ. ಇದೇ ಯಂತ್ರ ಇಟ್ಟುಕೊಂಡು ಬ್ರಿಟನ್ನಿನಲ್ಲಿ 770 ರೋಗಿಗಳ ದೊಡ್ಡ ಪ್ರಯೋಗ ನಡೆಯಿತು. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ರೋಬೋಟ್ ತರಬೇತಿ ಪಡೆದವರ ಕೈಕೆಲಸ ಮಾಮೂಲಿ ಚಿಕಿತ್ಸೆಯವರಿಗಿಂತ ಮೇಲಾಗಲಿಲ್ಲ. ತಮಾಷೆ ಏನು ಗೊತ್ತಾ? ಅಷ್ಟು ದೊಡ್ಡ ರೋಬೋಟ್ ಪ್ರಯೋಗದಲ್ಲೂ ಕೊನೆಯ ತೀರ್ಪು ಕೊಟ್ಟ ಅಳತೆಗೋಲು ಎಆರ್‌ಎಟಿ. ಅದೇ ಮರದ ಘನ, ಅದೇ ನೀರಿನ ಲೋಟ.

ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯ ಇಟಿಎಚ್ ಜ್ಯೂರಿಕ್‌ನವರ ಕೆಲಸ ನನಗೆ ತುಂಬಾ ಹಿಡಿಸಿದೆ. ಅವರ ರೀಹ್ಯಾಪ್ಟಿಕ್‌ನಾಬ್ ಯಂತ್ರ ಎರಡೇ ಕೆಲಸ ಮಾಡುತ್ತದೆ: ಮುಷ್ಟಿ ತೆರೆದು ಮುಚ್ಚುವುದು, ಮುಂಗೈ ತಿರುಗಿಸುವುದು. ಬಾಗಿಲ ಹಿಡಿ ತಿರುಗಿಸಿದ ಹಾಗೆ. ಇನ್ನೊಂದು ಯಂತ್ರ ತೋರುಬೆರಳಿನ ಬುಡದ ಗಿಣ್ಣಿಗೆ ಮಾತ್ರ. ಕೈ ಮೇಲೆ ಒಂದು ಟ್ಯಾಬ್ಲೆಟ್ ಮುಚ್ಚಿರುತ್ತದೆ. ಯಂತ್ರ ಬೆರಳನ್ನು ಎಲ್ಲೋ ಒಯ್ದು ನಿಲ್ಲಿಸುತ್ತದೆ. ಬೆರಳು ಎಲ್ಲಿದೆ ಅಂತ ಟ್ಯಾಬ್ಲೆಟ್ ಮೇಲೆ ತೋರಿಸಬೇಕು. ಎರಡು ತೋಳು ಹೋಲಿಸುವ ಕ್ರಮಕ್ಕಿಂತ ಇದರಲ್ಲಿ ಒಂದು ಅನುಕೂಲ ಇದೆ, ಇನ್ನೊಂದು ಕೈ ತೀರಾ ಚುರುಕಾಗಿರಬೇಕಾಗಿಲ್ಲ. ಆದರೆ ಸ್ಟ್ರೋಕ್ ಆದ ಮೇಲೆ ಒಂದು ಪಕ್ಕದ ಕಡೆಗೆ ಗಮನವೇ ಹೋಗದ ರೋಗಿಗಳಿದ್ದಾರಲ್ಲ, ಅವರಿಗೆ ಎರಡೂ ಪರೀಕ್ಷೆ ಮೋಸ ಮಾಡಬಹುದು. ಬೆರಳ ಅರಿವು ಸರಿ ಇದ್ದರೂ ಅಂಕ ಕೆಡುತ್ತದೆ.

ಬಿಗಿತಕ್ಕೆ ಸ್ವೀಡನ್ನಿನ ನ್ಯೂರೋಫ್ಲೆಕ್ಸರ್. ಬೆರಳು ಚಾಚಿ ಕಟ್ಟಿದ ಕೈಯನ್ನು ಮೋಟಾರು ಮಣಿಕಟ್ಟಿನಲ್ಲಿ ಹಿಂದಕ್ಕೆ ಬಾಗಿಸುತ್ತದೆ. ಒಮ್ಮೆ ನಿಧಾನಕ್ಕೆ, ಸೆಕೆಂಡಿಗೆ 5 ಡಿಗ್ರಿ. ಒಮ್ಮೆ ಗಕ್ಕನೆ, ಸೆಕೆಂಡಿಗೆ 236 ಡಿಗ್ರಿ. ಎರಡರಲ್ಲೂ ಎದುರಾದ ತಡೆ ಲೆಕ್ಕ ಹಾಕಿ, ನರದ ಪಾಲು ಎಷ್ಟು, ಸ್ನಾಯುವಿನ ಎಳೆತದ ಪಾಲು ಎಷ್ಟು ಅಂತ ಬಿಡಿಸಿ ಹೇಳುತ್ತದೆ. ಕೈಯಿಂದ ಎಳೆದು ನೋಡುವ ನಮ್ಮ ಯಾರಿಗೂ ಆಗದ ಕೆಲಸ ಇದು. ಇದು ಬೇರೆ ಏನನ್ನೂ ಅಳೆಯುವುದಿಲ್ಲ, ಅದೇ ಇದರ ಒಳ್ಳೆಯ ಗುಣ.

ಗ್ಲೌಸ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಟಲಿಯ ಗ್ಲೋರೇಹಾ, ಕೊರಿಯಾದ ನಿಯೋಫೆಕ್ಟ್ ಇವೆಲ್ಲ ತರಬೇತಿಗೆ ಚೆನ್ನ. ಬೆರಳು ಎಷ್ಟು ಬಾಗಿತು ಅಂತ ಸೆನ್ಸರ್ ಹೇಳುತ್ತದೆ. ಆದರೆ ಬಿಗಿದ ಮುಷ್ಟಿಗೆ ಗ್ಲೌಸ್ ಹಾಕಿಸಿ ನೋಡಿ. ಹತ್ತು ನಿಮಿಷ ಅದಕ್ಕೇ ಹೋಗುತ್ತದೆ, ಅಷ್ಟರಲ್ಲಿ ಕೈ ಎಳೆಸಿಕೊಂಡು ಸಡಿಲ ಆಗಿರುತ್ತದೆ. ಆಮೇಲೆ ಅಳೆದದ್ದು ಬೆಳಿಗ್ಗೆ ಎದ್ದಾಗಿನ ಕೈಯಲ್ಲ. ಹಾಂಗ್‌ಕಾಂಗಿನ ಹ್ಯಾಂಡ್ ಆಫ್ ಹೋಪ್ ಯಂತ್ರ ಮುಂಗೈಯ ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿದು ಕೆಲಸ ಮಾಡುತ್ತದೆ. ಬೆರಳು ಒಂದು ಕೂದಲೆಳೆಯೂ ಅಲುಗದ ಕೈಯಲ್ಲಿ ಪ್ರಯತ್ನದ ಸುಳಿವು ಇದೆಯಾ ಅಂತ ನೋಡೋಕೆ ಅದು ಬೇಕಾದದ್ದೇ. ಪ್ಯಾಚ್ ಅಂಟಿಸಿದ ಜಾಗ ಒಂದು ಬೆರಳಗಲ ಸರಿದರೂ ಅಂಕಿ ಬದಲಾಗುತ್ತದೆ. ಹಾಗಾಗಿ ಹೋದ ವಾರದ ಜೊತೆ ಹೋಲಿಸುವಾಗ ಹುಷಾರು.

ನಮ್ಮ ಕಡೆಯ ಕೆಲಸಗಳನ್ನೂ ಹೇಳಬೇಕು. ವೆಲ್ಲೂರಿನ ಸಿಎಂಸಿ ಮತ್ತು ಐಐಟಿ ಮದ್ರಾಸ್ ಸೇರಿ ಮಾಡಿದ ಪ್ಲೂಟೋದಲ್ಲಿ ಮೋಟಾರು ಒಂದೇ. ಮುಂದೆ ಸಿಕ್ಕಿಸುವ ಜೋಡಣೆ ಬದಲಿಸಿದರೆ ಮಣಿಕಟ್ಟಿನ ಚಲನೆ, ಮುಂಗೈ ತಿರುಗಿಸೋದು, ಮುಷ್ಟಿ ತೆರೆಯೋದು ಎಲ್ಲಕ್ಕೂ ಆಗುತ್ತದೆ. ಟೇಬಲ್ ಮೇಲೆ ಇಡುವಷ್ಟು ಸಣ್ಣದು. ಒಂದೊಂದು ಬೆರಳನ್ನು ಬೇರೆ ಮಾಡಿ ನೋಡೋಕೆ ಆಗಲ್ಲ, ಆದರೆ ಸಣ್ಣ ಸೆಂಟರ್‌ಗೆ ಇಂಥದ್ದೇ ಸರಿ ಅಂತ ನನ್ನ ಅನಿಸಿಕೆ. ಬೆಂಗಳೂರಿನ ಐಐಎಸ್‌ಸಿಯ ಭೌತವಿಜ್ಞಾನ ವಿಭಾಗದವರು 3ಡಿ ಪ್ರಿಂಟ್ ಮಾಡಿದ ಮೆತ್ತನೆಯ ಗ್ಲೌಸ್ ಮಾಡಿದ್ದಾರೆ. ಬೆರಳ ಸಣ್ಣ ಬಾಗುವಿಕೆಯನ್ನು ಬೆಳಕಿನ ಮೂಲಕ ಹಿಡಿಯುತ್ತದೆ, ದೂರದಲ್ಲಿರುವ ಥೆರಪಿಸ್ಟ್ ನೋಡಬಹುದು. ತಿಂಗಳಿಗೊಮ್ಮೆ ಬೆಂಗಳೂರಿಗೆ ಬಸ್ಸು ಹತ್ತುವವರಿಗೆ ಇಂಥದ್ದು ಮನೆಗೆ ಬಂದರೆ ಎಷ್ಟು ಚೆನ್ನ ಅಲ್ವಾ?

ನಂಬರ್ ದಾರಿ ತಪ್ಪಿಸುವ ಜಾಗ

ಆಟದ ಪಾಯಿಂಟ್ ಬೇರೆ, ಪರೀಕ್ಷೆಯ ಅಂಕ ಬೇರೆ. ಪರದೆಯ ಮೇಲೆ ಹಣ್ಣು ಹಿಡಿದು 4000 ಪಾಯಿಂಟ್ ಬಂತು ಅಂದರೆ ಆ ಆಟ ಕಲಿತರು ಅಂತ ಅರ್ಥ. ಯಂತ್ರ ಕೈಗೆ ನೆರವು ಕೊಡುತ್ತಿತ್ತಾ, ಎಷ್ಟು ಕೊಡುತ್ತಿತ್ತು ಅಂತ ಕೇಳಿ. ನೆರವು ಜಾಸ್ತಿ ಮಾಡಿದರೆ ಪಾಯಿಂಟ್ ತಾನಾಗಿ ಏರುತ್ತದೆ.

ಮೊದಲ ದಿನದ ಅಂಕವನ್ನು ನಾನು ನಂಬುವುದೇ ಇಲ್ಲ. ಟಿವಿ ರಿಮೋಟನ್ನೂ ಮೊಮ್ಮಗನ ಕೈಗೆ ಕೊಡುವ ಅಜ್ಜ, ಮೊದಲ ಸಲ ಪರದೆ ನೋಡಿ ಬೆರಳು ಆಡಿಸು ಅಂದರೆ ಗಾಬರಿ ಆಗುತ್ತಾರೆ. ಎರಡನೇ ಸಲ ಅಂಕ ಏರುತ್ತದೆ. ಅದು ಕೈ ಸುಧಾರಿಸಿದ್ದಲ್ಲ, ಗಾಬರಿ ಇಳಿದದ್ದು. ಒಂದು ಸಲ ಅಭ್ಯಾಸಕ್ಕೆ ಬಿಟ್ಟು, ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಿರಿ. ತರಬೇತಿ ಕೊಟ್ಟ ಯಂತ್ರದಲ್ಲೇ ಪರೀಕ್ಷೆ ಮಾಡಿದರೂ ಇದೇ ಕಥೆ. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ.

ಕೂತ ರೀತಿಯೂ ಮುಖ್ಯ. ಸೊಂಟ ಕಟ್ಟದೆ ಕೂರಿಸಿದರೆ ರೋಗಿ ಮೈಯನ್ನೇ ಮುಂದೆ ಬಾಗಿಸಿ ಗುರಿ ಮುಟ್ಟುತ್ತಾರೆ. ಯಂತ್ರಕ್ಕೆ ಕೈ ಮುಟ್ಟಿದ್ದು ಗೊತ್ತು, ಬೆನ್ನು ಬಾಗಿದ್ದು ಗೊತ್ತಿಲ್ಲ. ಇದನ್ನು ನೋಡೋಕೆ ಥೆರಪಿಸ್ಟ್ ಪಕ್ಕದಲ್ಲೇ ನಿಂತಿರಬೇಕು. ಕಂಪ್ಯೂಟರ್ ಆನ್ ಮಾಡಿ ಆಚೆ ಟೀ ಕುಡಿಯೋಕೆ ಹೋದವರ ರಿಪೋರ್ಟ್ ಬೇಡ.

ಇನ್ನೊಂದು: ಒಂದು ಯಂತ್ರದ ಅಂಕಕ್ಕೂ ಇನ್ನೊಂದರ ಅಂಕಕ್ಕೂ ತಾಳೆ ಇಲ್ಲ. ಜನವರಿಯಲ್ಲಿ ಒಂದು ಕಡೆ, ಏಪ್ರಿಲ್‌ನಲ್ಲಿ ಇನ್ನೊಂದು ಕಡೆ ಮಾಡಿಸಿ ಎರಡನ್ನೂ ಪಕ್ಕ ಇಟ್ಟುಕೊಂಡು ಖುಷಿಪಡೋದು, ಅಳೋದು ಎರಡೂ ವ್ಯರ್ಥ. "ನಾರ್ಮಲ್" ಅಂತ ಬರೆದಿದ್ದರೆ ಯಾರ ನಾರ್ಮಲ್ ಅಂತಲೂ ಕೇಳಿ. ಹೊರದೇಶದವರ ಕೈಯಿಂದ ಕಟ್ಟಿದ ಪಟ್ಟಿ ನಮ್ಮ ಕಡೆಯ, ವರ್ಷಪೂರ್ತಿ ಗುದ್ದಲಿ ಹಿಡಿದ ಕೈಗೂ, ಸಣ್ಣ ಮೈಕಟ್ಟಿನ ಅಜ್ಜಿಯ ಕೈಗೂ ಹೊಂದಬೇಕಾಗಿಲ್ಲ. ಅವರದೇ ಇನ್ನೊಂದು ಕೈಯನ್ನೂ ಅಳೆಸಿ. ಆ ಕೈಯೂ ಸ್ವಲ್ಪ ಕುಗ್ಗಿರಬಹುದು, ಆದರೂ ಪಟ್ಟಿಗಿಂತ ಹತ್ತಿರದ ಹೋಲಿಕೆ ಅದೇ.

ಯಾರಿಗೆ ಯಾವುದು

ಮೊದಲ ವಾರ: ಬೆರಳು ಬಿಚ್ಚುತ್ತಾ, ಭುಜ ಏಳುತ್ತಾ. ಅಷ್ಟೇ.

ಮೊದಲ ಮೂರು ತಿಂಗಳು, ಕೈ ದಿನದಿನಕ್ಕೆ ಬದಲಾಗುತ್ತಿರುವಾಗ, ಎರಡು ವಾರಕ್ಕೊಮ್ಮೆ ಎಆರ್‌ಎಟಿ ಮತ್ತು ಮರದ ಪೆಟ್ಟಿಗೆ ನನ್ನ ಆಯ್ಕೆ. ಫ್ಯೂಗಲ್-ಮೇಯರ್‌ನಲ್ಲಿ ಅಂಕ ಅಲುಗದೆ ನಿಂತಿದ್ದರೂ ಕೈ ಏನೋ ಮಾಡುತ್ತಿದೆ ಅಂತ ಅನಿಸಿದರೆ, ಬೆರಳು ಬೆರಳಾಗಿ ಅಳೆಯುವ ಯಂತ್ರ ಕೈಗೆಟುಕುವ ಹಾಗಿದ್ದರೆ ಮಾಡಿಸಿ. ಕೆಲವು ಡಿಗ್ರಿ ಬಿಚ್ಚುವಿಕೆ ಹೆಚ್ಚಾದದ್ದು ಕಾಗದದ ಮೇಲೆ ಕಂಡರೆ ಸೋತು ಕೂತವರು ಎದ್ದು ಬರುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಲಾಭವನ್ನು ಚಿಕ್ಕದು ಅನ್ನಲಾರೆ.

ಮುಷ್ಟಿ ಬಿಗಿದಿದೆ, ಡಾಕ್ಟರ್ ಬೊಟಾಕ್ಸ್ ಅಂದಿದ್ದಾರೆ ಅಂತಾದರೆ ನರದ ಪಾಲು ಬಿಡಿಸಿ ಹೇಳುವ ಯಂತ್ರ ಎಲ್ಲಿದೆ ಅಂತ ವಿಚಾರಿಸಿ. ಸಿಗದಿದ್ದರೆ, ಒಂದೇ ಥೆರಪಿಸ್ಟ್, ಒಂದೇ ಹೊತ್ತಿನಲ್ಲಿ, ಮೊದಲು ನಿಧಾನಕ್ಕೆ ಆಮೇಲೆ ಬೇಗ ಎಳೆದು ಯಾವ ಕೋನದಲ್ಲಿ ಕೈ ತಡೆಯಿತು ಅಂತ ಎರಡೂ ಬರೆದಿಡಲಿ. ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ನರದ ಪಾಲು ಜಾಸ್ತಿ. ಯಂತ್ರದಷ್ಟು ನಿಖರ ಅಲ್ಲ, ಆದರೆ ಬರೀ ಒಂದು ಅಂಕಕ್ಕಿಂತ ಎಷ್ಟೋ ಮೇಲು.

ಬಲ ಇದ್ದೂ ವಸ್ತು ಜಾರುತ್ತದೆ, ನೋಡದೆ ಏನೂ ಮಾಡೋಕೆ ಆಗಲ್ಲ ಅನ್ನುವವರಿಗೆ ಸ್ಥಾನದ ಅರಿವಿನ ಯಂತ್ರ ಪರೀಕ್ಷೆ. ರೋಬೋಟ್‌ಗೆ ಅಂತ ದೂರದ ಊರಿಗೆ ಹೋಗೋದು ಸಾರ್ಥಕ ಅಂತ ನಾನು ಮನಸ್ಸಿಟ್ಟು ಹೇಳೋದು ಇವರಿಗೇ.

ವರ್ಷ ದಾಟಿದವರಿಗೆ ಕೈ ಎಷ್ಟು ಬಲ್ಲದು ಅನ್ನೋದಕ್ಕಿಂತ ದಿನಾ ಎಷ್ಟು ಬಳಸುತ್ತಾರೆ ಅನ್ನೋದು ಮುಖ್ಯ. ಎರಡೂ ಮಣಿಕಟ್ಟಿಗೆ ಚಲನೆ ಎಣಿಸುವ ವಾಚು ಕಟ್ಟಿ ಮೂರು ದಿನ ಬಿಟ್ಟರೆ, ಯಾವ ರೋಬೋಟೂ ಹೇಳದ ಸತ್ಯ ಹೊರಗೆ ಬರುತ್ತದೆ. ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿ ಮನೆಯಲ್ಲಿ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂರುವವರು ಬಹಳ ಜನ.

ಸೆಂಟರ್ ತೆರೆಯುವವರಿಗೆ: ಮೊದಲು ಎಆರ್‌ಎಟಿ ಕಿಟ್, ಮರದ ಪೆಟ್ಟಿಗೆ, ಡೈನಮೋಮೀಟರ್ ಮತ್ತು ಅದನ್ನು ಸರಿಯಾಗಿ ಮಾಡಬಲ್ಲ ಒಬ್ಬ ಥೆರಪಿಸ್ಟ್. ಆಮೇಲೆ ದುಡ್ಡು ಉಳಿದರೆ ಕೈಗೊಂದು ಸಣ್ಣ ಯಂತ್ರ. ರಿಪೇರಿಗೆ ಯಾರು ಬರುತ್ತಾರೆ, ಬಿಡಿಭಾಗ ಎಲ್ಲಿಂದ ಬರುತ್ತದೆ, ಕಚ್ಚಾ ಅಂಕಿ ನಮ್ಮ ಕೈಗೆ ಸಿಗುತ್ತಾ ಅಂತ ಬರಹದಲ್ಲಿ ಕೇಳಿ. ಬಟ್ಟೆ ಮುಚ್ಚಿ ಮೂಲೆಗೆ ನಿಂತ ಯಂತ್ರಗಳನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ.

ಮೇಷ್ಟ್ರ ವಿಷಯಕ್ಕೆ ಬಂದರೆ, ಅವರಿಗೆ ನಾನು ಮತ್ತೆ ರೋಬೋಟ್ ಬರೆಯಲಿಲ್ಲ. ಬಿಚ್ಚುವ ಅಭ್ಯಾಸ, ರಾತ್ರಿಗೆ ಸ್ಪ್ಲಿಂಟ್, ಹದಿನೈದು ದಿನಕ್ಕೊಮ್ಮೆ ಮರದ ಪೆಟ್ಟಿಗೆ. ಜೊತೆಗೆ ಮನೆಯಲ್ಲಿ ಒಂದು ಪರೀಕ್ಷೆ, ಮಗಳೇ ಮಾಡಬೇಕು: ಮಧ್ಯಾಹ್ನ ಮುದ್ದೆ ಬಡಿಸಿ, ಬಲಗೈಯಲ್ಲಿ ಒಂದು ತುತ್ತು ಮುರಿದು, ಉರುಳಿಸಿ, ಸಾರಿಗೆ ಅದ್ದಿ, ಬಾಯಲ್ಲಿ ಬಿಡಬೇಕು. ಎಷ್ಟು ತುತ್ತು ಆಯಿತು ಅಂತ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಬೇಕು. ಹೋದ ಸಲ ಬಂದಾಗ ಕ್ಯಾಲೆಂಡರನ್ನೇ ಗೋಡೆಯಿಂದ ಕಿತ್ತು ಸುತ್ತಿಕೊಂಡು ತಂದಿದ್ದರು. ಮೊದಲ ವಾರ ಪೂರ್ತಿ ಸೊನ್ನೆ. ಆಮೇಲೆ ಒಂದು, ಒಂದು, ಸೊನ್ನೆ, ಎರಡು. ಒಂದು ಭಾನುವಾರದ ಚೌಕದಲ್ಲಿ ನಾಲ್ಕು ಅಂತ ಇತ್ತು, ಪಕ್ಕದಲ್ಲಿ ಸಾರಿನ ಕಲೆ.